ದೊರೆಸಾನಿಯ ಹುಲ್ಲಿಗೆ ಮಾವನವರ ಗುದ್ದಲಿ

ಮನುಷ್ಯನ ಮನಸ್ಸಿಗೆ ಹಸಿರು ಹುಲ್ಲಿನಷ್ಟು ಶಾಂತಿ ಕೊಡುವ ವಸ್ತು ಸೃಷ್ಟಿಯಲ್ಲಿ ಮತ್ತೊಂದಿಲ್ಲ ಎಂದು ಬಲ್ಲವರು ಹೇಳುತ್ತಾರೆ. ಅವರು ಬಳ್ಳಾರಿಯವರಲ್ಲ. ನಮ್ಮಲ್ಲಿ ಹುಲ್ಲು ಎರಡೇ ಜಾತಿ: ಎಮ್ಮೆ ತಿನ್ನುವುದೊಂದು, ಹೊಲವನ್ನೇ ತಿನ್ನುವುದು ಇನ್ನೊಂದು. ಎರಡನೆಯದರ ಹೆಸರು ಗರಿಕೆ. ಬರೀ ನೋಡುವುದಕ್ಕೆಂದೇ ಬೆಳೆಸುವ ಮೂರನೆಯ ಜಾತಿಯೊಂದುಂಟೆಂದು ನನಗೆ ತಿಳಿಸಿದವರು ನಮ್ಮ ಕಚೇರಿಯ ದೊರೆಯ ಹೆಂಡತಿ.

ಅವರ ತವರು ಹಿಮ ಬೀಳುವ ಸೀಮೆ. ಅಲ್ಲಿಂದ ವರ್ಷವರ್ಷ ಹುಲ್ಲಿನ ಬೀಜ ಬರುತ್ತಿತ್ತು. ಬಂಗಲೆಯ ಅಂಗಳದಲ್ಲಿ ಅದು ಮೊಳೆತು, ನಮ್ಮ ಸೂರ್ಯನನ್ನು ಒಮ್ಮೆ ಕಣ್ತುಂಬ ನೋಡಿ, ಬಂದ ದಾರಿ ಹಿಡಿಯುತ್ತಿತ್ತು. ದೇಶಕ್ಕೆ ಸ್ವಾತಂತ್ರ್ಯ ಬರುವ ವರ್ಷ ಅವರು ಗಂಟುಮೂಟೆ ಕಟ್ಟತೊಡಗಿದಾಗ ಕೊನೆಯ ಪೊಟ್ಟಣವನ್ನು ನನ್ನ ಕೈಗಿಟ್ಟರು. ಅದರಲ್ಲಿ ಚಳಿ ತಡೆಯುವ ಸಣ್ಣೆಸಳಿನ ಹುಲ್ಲಿನ ಜೊತೆಗೆ ಬಿಳಿ ಹೂ ಬಿಡುವ ಮೂರೆಲೆಯ ಗಿಡದ ಬೀಜವೂ ಇತ್ತು. ಆ ಹೂವಿಗೆ ಜೇನು ಬರುತ್ತದಂತೆ. ತಾಯಿಯ ಮನೆಯಂಗಳದಲ್ಲಿ ಜೇನಿನ ಸದ್ದು ಕೇಳುತ್ತಲೇ ಅವರು ಬೆಳೆದದ್ದಂತೆ. ಹೋಗುವ ಮುಂಚೆ ಒಮ್ಮೆ ಇಲ್ಲಿ ಅದನ್ನು ನೋಡಬೇಕೆಂಬುದೊಂದೇ ಅವರ ಆಸೆ. ಕನ್ನಡವನ್ನು ಮಾಲಿಯಿಂದ ಕಲಿತದ್ದರಿಂದ ಅವರು ಎಲ್ಲರನ್ನೂ ‘ಬಾರೋ, ಹೋಗೋ’ ಎಂದೇ ಮಾತಾಡಿಸುತ್ತಿದ್ದರು. ಹೆಡ್ ಗುಮಾಸ್ತನಾದ ನಾನು ಅದನ್ನು ಬಿರುದಿನಂತೆ ಸ್ವೀಕರಿಸುತ್ತಿದ್ದೆ.

ಮೊದಲ ಮಳೆಗೆ ನಮ್ಮ ಮನೆಯ ಅಂಗಳದಲ್ಲಿ ಬಿತ್ತಿದೆ. ಹಿಮಕ್ಕೆ ಬದಲಾಗಿ ಒದ್ದೆ ಗೋಣಿತಾಟು ಹೊದಿಸಿದೆ, ಬಿಸಿಲಿಗೆ ಲಾವಂಚದ ತಟ್ಟಿ ಕಟ್ಟಿದೆ. ‘ಬ್ಯಾಸಗ್ಯಾಗ ನನ್ನ ಬಾಣಂತನ ಆತು. ಒಂದು ತಟ್ಟಿ ಕಟ್ಟಿದ್ದು ನೆನಪಿಲ್ಲ ನನಗ’ ಎಂದಳು ಹೆಂಡತಿ. ಶಾಸ್ತ್ರೀಯ ಕೃಷಿಯ ವಿಚಾರ ಹೆಂಗಸರಿಗೆ ತಿಳಿಯದೆಂದುಕೊಂಡು ನಾನು ತಟ್ಟಿಗೆ ನೀರು ಚಿಮುಕಿಸಿದೆ. ಶ್ರಾವಣದ ಹೊತ್ತಿಗೆ ಅಂಗಳ ಗಿಳಿಹಸಿರಾಯಿತು. ನಡುನಡುವೆ ಬಿಳಿ ಹೂ ಕೂಡ ಕಂಡವು. ಎಲೆ ಮೂರಿವೆಯೋ ಎಂದು ಎಣಿಸುವಷ್ಟು ಸಣ್ಣ ಮನಸ್ಸು ನನ್ನದಲ್ಲ. ದೊರೆಸಾನಿಗೆ ಸುದ್ದಿ ಮುಟ್ಟಿಸಿದೆ. ಮರುದಿನ ಸಂಜೆಯೇ ಬರುವುದಾಗಿ ಹೇಳಿದರು.

ಆ ರಾತ್ರಿ ಕುರುಗೋಡಿನಿಂದ ನಮ್ಮ ಮಾವನವರು ಮಗಳನ್ನು ನೋಡಲು ಬಂದಿಳಿದರು. ಎರೆ ಹೊಲದ ಒಕ್ಕಲಿಗರು. ಆಳುದ್ದ ಅಗೆದು ಗರಿಕೆಯ ಬೇರು ಕೀಳುವುದರಲ್ಲೇ ಅರ್ಧ ಆಯುಷ್ಯ ಕಳೆದವರು. ಅಂಥವರಿಗೆ ಮಗಳ ಅಂಗಳದಲ್ಲಿ ಗರಿಕೆ ಕಾಣುವುದೆಂದರೆ ಅಡಿಗೆಮನೆಯಲ್ಲಿ ಹಾವು ಕಂಡಂತೆ. ಇದು ನನಗೆ ಹೊಳೆಯಲಿಲ್ಲ. ಏಕೆಂದರೆ ಅಂಗಳದಲ್ಲಿರುವುದು ಗರಿಕೆ ಎಂದೇ ನನಗೆ ಹೊಳೆದಿರಲಿಲ್ಲ.

ಮರುದಿನ ಸಂಜೆ ದೊರೆಸಾನಿಯ ಮೋಟಾರಿನಲ್ಲಿ, ಹಸಿರನ್ನು ದಾರಿಯುದ್ದಕ್ಕೂ ವರ್ಣಿಸುತ್ತ ಮನೆಗೆ ಬಂದೆ. ಅಂಗಳವಿಡೀ ಕಪ್ಪಗೆ ಅಗೆದು ಬಿದ್ದಿತ್ತು. ಮಾವನವರು ಗುದ್ದಲಿ ಊರಿ ನಿಂತು ಬೆವರು ಒರೆಸಿಕೊಳ್ಳುತ್ತಿದ್ದರು.

‘ಗರಿಕಿ ಹೊಕ್ಕಿತ್ತು ಅಳಿಯಂದಿರ. ಬೇರು ಸುದ್ದಾ ತಗದೀನಿ. ಕಚೇರಿ ಮಂದಿ ನೀವು, ನಿಮಗೆಲ್ಲಿ ನೀಗಬೇಕು’ ಎಂದರು. ಬೈಯುವುದು ಹೇಗೆ? ಮುಂಜಾನೆಯಿಂದ ಉಣ್ಣದೆ ದುಡಿದಿದ್ದ ಮುದುಕರು. ನನ್ನ ಮುಖ ನೋಡಿ ಏನೋ ಕೊರತೆಯಾಗಿದೆ ಎನಿಸಿತೇನೋ, ಬೇಲಿಯ ಕಡೆ ಕೈ ತೋರಿಸಿ, ‘ತುಂಬಿ ಗಿಡ ಅಷ್ಟು ಬಿಟ್ಟೀನಿ. ಶಿವನ ಪೂಜಿಗೆ ಬೇಕಾಗ್ತೈತಿ’ ಎಂದರು.

ನನ್ನ ಬಿಳಿ ಹೂಗಳ ಕುಲಗೋತ್ರ ಆಗ ತಿಳಿಯಿತು. ದೊರೆಸಾನಿ ಅಗೆದ ಮಣ್ಣನ್ನು ದಾಟಿ ಹೋಗಿ ತುಂಬೆಗಿಡದ ಮುಂದೆ ಕುಕ್ಕುರುಗಾಲಲ್ಲಿ ಕೂತರು. ಹೂವಿಂದ ಹೂವಿಗೆ ನಾಲ್ಕಾರು ಜೇನು ಹಾರಾಡುತ್ತಿದ್ದವು. ಬಹಳ ಹೊತ್ತು ಕಿವಿಗೊಟ್ಟು ಕೂತಿದ್ದರು.

‘ಇದು ನಮ್ದಲ್ಲ’ ಎಂದರು ಕೊನೆಗೆ. ‘ಆದ್ರೂ ಜೇನು ಬಂತು ನೋಡೋ.’

ಏಳುವಾಗ ಕಣ್ಣೊರೆಸಿಕೊಂಡು ಮಾವನವರಿಗೆ ಕೈಮುಗಿದರು. ತಮ್ಮ ಗುದ್ದಲಿ ಕೆಲಸಕ್ಕೇ ಆ ಮರ್ಯಾದೆ ಸಂದಿತೆಂದು ಮಾವನವರು ನನ್ನ ಕಡೆ ಹೆಮ್ಮೆಯಿಂದ ನೋಡಿದರು.

ದೊರೆಸಾನಿ ಆ ತಿಂಗಳೇ ತಮ್ಮ ದೇಶಕ್ಕೆ ಹೋದರು. ಹಿಂಗಾರಿ ಮಳೆಗೆ ಅಂಗಳದಲ್ಲಿ ಗರಿಕೆ ಮತ್ತೆ ಬಂತು. ಮಾವನವರಿಗೆ ನಾನು ತಿಳಿಸಲಿಲ್ಲ.