ಅಕ್ಕನ ತೂಗುಕುಂಡವೂ ನನ್ನ ನೆತ್ತಿಯೂ

ಹಾವೇರಿಯ ಕಡುಬೇಸಿಗೆ. ಮೋಡವಿಲ್ಲ, ಮಳೆಯಿಲ್ಲ, ನಲ್ಲಿಗೆ ನೀರು ಬಂದು ಎಂಟು ದಿನ. ಅಂಥಾದ್ದರಲ್ಲಿ ಪಡಸಾಲೆಯೊಳಗೆ ಸೋಫಾದ ಮೇಲೆ ಕುಳಿತಿದ್ದ ನಾನು ತೊಯ್ದು ತಪ್ಪಡಿಯಾದೆ. ಏನಾಗಿರಬೇಕು, ಹೇಳಿ ನೋಡೋಣ? ಮಾಳಿಗೆ ಸೋರಿತು ಅನ್ನಬೇಡಿ. ಹೆಂಡತಿ ನೀರು ಸುರುವಿದಳು ಅಂತಲೂ ಅನ್ನಬೇಡಿ. ಆಕೆಗೆ ಆಸೆಯಿದ್ದರೂ ಸೋಫಾ ಹೊಸದು. ತಲೆಯ ಮೇಲೆ ಗಿಡ ತೂಗುಹಾಕಿಕೊಂಡವನಿಗೆ ಇಂಥವು ಒಂದಾದ ಮೇಲೊಂದು ಆಗುತ್ತಲೇ ಇರುತ್ತವೆ. ನಾನು ನಿವೃತ್ತ, ಬೇರೆ ಕೆಲಸವಿಲ್ಲ, ನಾಲಿಗೆಗಂತೂ ನಿವೃತ್ತಿಯೇ ಇಲ್ಲ. ಹೇಳಿಬಿಡುತ್ತೇನೆ.

೧. ಬೀಜದ ಸಾಹೇಬ

ಗಿಡಗಳು ನನ್ನ ಅಕ್ಕನವು. ಬ್ಯಾಡಗಿಯಲ್ಲಿ ಕನ್ನಡ ಶಾಲೆಯ ಮಕ್ಕಳಿಗೆ ಕಲಿಸಿದವಳು. ಊರಿಗೆಲ್ಲ ಅಕ್ಕೋರು, ನನಗೊಬ್ಬನಿಗೇ ಅಕ್ಕ. ಮದುವೆಯಾಗಲಿಲ್ಲ. ವರ್ಷಕ್ಕೊಮ್ಮೆ ನಾಗರ ಪಂಚಮಿಗೆ ನಮ್ಮ ಮನೆಗೆ ಬರುವಳು. ನಾಗಪ್ಪನಿಗೆ ಹಾಲೆರೆಯುವಾಗ ‘ದೇವರ ಪಾಲು, ಅಪ್ಪನ ಪಾಲು, ಅವ್ವನ ಪಾಲು’ ಎಂದು ಒಂದೊಂದೇ ಹನಿ ಹಾಕಿ, ‘ತಮ್ಮನ ಪಾಲು’ ಬಂದಾಗ ಮಾತ್ರ ಎರಡು ಹನಿ ಬಿಡುವಳು. ಈ ಬೇಸಿಗೆಯಲ್ಲಿ ತೀರಿಕೊಂಡಳು. ದವಾಖಾನೆಯಲ್ಲಿ ಕಡೆಗೆ ಹೇಳಿದ್ದು ಇಷ್ಟೇ: “ತಮ್ಮಾ, ನನ್ನ ಗಿಡಾ ಒಣಗಿಸಬ್ಯಾಡ.”

ಮನಿ ಪ್ಲಾಂಟಿನ ಮೂರು ಕುಂಡ. ತಂದು ಪಡಸಾಲೆಯಲ್ಲಿ ಸೋಫಾದ ಮೇಲ್ಗಡೆ ಕೊಂಡಿಗೆ ತೂಗುಹಾಕಿದೆ.

ನೀರು ಹಾಕುವುದೇನು ಮಹಾ? ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಮೂವತ್ತು ವರ್ಷ ಮೊಳಕೆ ಪರೀಕ್ಷೆ ಮಾಡಿದವ ನಾನು, ಬಿಎಸ್ಸಿ ಬೇರೆ. ಸ್ಟೂಲು ಹತ್ತಿ ಒಂದು ತಂಬಿಗೆ ಸುರುವಿದೆ. ಒಂದು ಹನಿಯೂ ಕೆಳಗೆ ಬರಲಿಲ್ಲ. ಪಾಪ, ಎಷ್ಟು ನೀರಡಿಸಿತ್ತೋ ಎಂದು ಇನ್ನೊಂದು ತಂಬಿಗೆ. ಆಗಲೂ ಇಲ್ಲ. ಸಮಾಧಾನದಿಂದ ಇಳಿದು, ಸೋಫಾದಲ್ಲಿ ಕುಳಿತು ಪೇಪರ್ ಬಿಚ್ಚಿದೆ. ಎರಡೂ ತಂಬಿಗೆ ಕೂಡಿಯೇ ಇಳಿದವು.

ಹೆಂಡತಿ ಒರೆಸುವ ಅರಿವೆ ಹಿಡಿದು ಬಂದಳು. “ಇನ್ನೊಂದು ಹನಿ ಬೀಳಲಿ, ಎಲ್ಲಾ ಗಿಡಾ ಮಾಳಗಿ ಮ್ಯಾಲ ಬಿಸಲಾಗ ಇಡ್ತೇನಿ ನೋಡ್ರಿ.”

“ಸಾಯ್ತಾವ ಅವು. ಅಕ್ಕನ ಗಿಡಾ.”

“ಮೂವತ್ತು ವರ್ಷ ನೀವು ಬೀಜಕ್ಕ ನೀರು ಹಾಕಿದ್ದು ಹಿಂಗನ? ಅದಕ್ಕ ಬೀಜಾ ಹುಟ್ಟಲಿಲ್ಲ ಅಂತ ರೈತರು ಬಯ್ಯಾಕ ಬರ್ತಿದ್ರು!”

೨. ಕೆಚ್ಚಲು

ರಾಣೆಬೆನ್ನೂರಿನ ಹಳೆಯ ಸಹೋದ್ಯೋಗಿಗೆ ಫೋನು ಮಾಡಿದೆ. “ಬುಡಕ್ಕ ಒಂದು ಪ್ಲಾಸ್ಟಿಕ್ ಚೀಲಾ ಕಟ್ರಿ ಸರ್. ಹೆಚ್ಚಾದ ನೀರು ಅದರಾಗ ಇಳೀತೈತಿ” ಅಂದ. ಕಟ್ಟಿದೆ. ಎಂಟು ದಿನದಲ್ಲಿ ಚೀಲ ಎಮ್ಮೆಯ ಕೆಚ್ಚಲಿನ ಹಾಗೆ ಜೋತುಬಿತ್ತು. ಹಿಂಡಬೇಕು ಅಂದುಕೊಂಡೆ, ಮರೆತೆ.

ಆಗ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬ ಬಂದ. ಅಕ್ಕನ ಕೈಯಲ್ಲಿ ಅಕ್ಷರ ಕಲಿತವ. ಪ್ರತಿವರ್ಷ ಅಕ್ಕೋರಿಗೆ ಕೊಡುತ್ತಿದ್ದ ಕಾಯಿಯನ್ನು ಈ ಸಲ ಯಾರ ಕೈಗೆ ಕೊಡಬೇಕೆಂದು ತಿಳಿಯದೆ ನಮ್ಮಲ್ಲಿಗೆ ತಂದಿದ್ದ. ಸೋಫಾದ ಮೇಲೆ ಮೆಣಸಿನಕಾಯಿಯ ಚೀಲ ಬಿಚ್ಚಿ, “ಗರಿಗರಿ ಒಣಗ್ಯಾವ್ರಿ, ಮುಟ್ಟಿದ್ರ ಮುರೀತಾವ” ಅನ್ನುವಷ್ಟರಲ್ಲಿ ಕೆಚ್ಚಲು ಒಡೆಯಿತು.

ಪುಣ್ಯಕ್ಕೆ ಹೆಂಡತಿ ಮನೆಯಲ್ಲಿರಲಿಲ್ಲ. ಇಬ್ಬರೂ ಕೂಡಿ ಸೋಫಾ ಒರೆಸಿದೆವು. ಮಾಳಿಗೆ ಹತ್ತಿ ಬಿಸಿಲು ಕಂಡದ್ದು ಗಿಡವಲ್ಲ, ಮೆಣಸಿನಕಾಯಿ. ಹೋಗುವಾಗ ಅವನು ಕೈಮುಗಿದ: “ಸಾಹೇಬ್ರ, ತೂಕಾ ಬರ್ಲಿ ಅಂತ ಕಾಯಿಗೆ ನೀರು ಹೊಡೀತಾರಂತ ಮಂದಿ ನಮಗ ಬಯ್ತಾರ. ಹೊಡದ್ರೂ ನಾವು ಕದ್ದು ಹೊಡೀಬೇಕಾಗ್ತೈತ್ರಿ. ನೀವು ವ್ಯಾಪಾರಿ ಎದುರಿಗೇ ಹೊಡದ್ರಲ್ಲ!”

೩. ಮಣ್ಣಿನ ಕಣ್ಣೀರು

ಆಮೇಲೆ ಹೆದರಿ ಚಮಚದಲ್ಲಿ ನೀರು ಹಾಕತೊಡಗಿದೆ. ಎರಡು ಕುಂಡ ಒಣಗಿಹೋದವು. ಉಳಿದದ್ದು ಒಂದೇ. ಧೈರ್ಯ ಮಾಡಿ ಅದಕ್ಕೆ ಅರ್ಧ ತಂಬಿಗೆ ಹಾಕಿದ ದಿನವೇ ಕರ್ಜಗಿಯಿಂದ ಚಿಗವ್ವ, ಅಂದರೆ ನಮ್ಮವ್ವನ ತಂಗಿ, ಮಗ ಸೊಸೆಯ ಜೊತೆ ಮಾತಾಡಿಸಲು ಬಂದಳು.

ಅಕ್ಕನನ್ನು ಮಣ್ಣು ಮಾಡುವಾಗ ನಾನು ಅತ್ತಿರಲಿಲ್ಲ. ಚಿಗವ್ವ ಅದನ್ನು ಮರೆತಿರಲಿಲ್ಲ. “ಒಡಹುಟ್ಟಿದಾಕಿ ಹೋದ್ರೂ ಒಂದು ಹನಿ ಕಣ್ಣೀರು ಬರಲಿಲ್ಲಲ್ಲೋ ನಿನಗ. ಎದಿಯೋ ಕಲ್ಲೋ ಅದು?”

ನನಗೂ ಅದೇ ಚಿಂತೆ. ಒಬ್ಬನೇ ಕುಳಿತು ಅಳಲು ನೋಡಿದ್ದೆ, ಬಂದಿರಲಿಲ್ಲ.

ಟಪ್ಪೆಂದು ಒಂದು ಹನಿ ಹಣೆಗೆ ಬಿದ್ದು ಮೂಗಿನ ಪಕ್ಕದಿಂದ ಇಳಿಯಿತು. ಹಿಂದೆಯೇ ಇನ್ನೊಂದು. ಕಣ್ಣು ಮಂಜಾದ ಚಿಗವ್ವ, “ಅಳಾಕತ್ತಾನ! ಅಳೋ ನನ್ನ ಮಗನ, ಎದಿ ಹಗರಾಗ್ಲಿ!” ಎಂದು ತಾನೇ ಗೊಳೋ ಅಂದಳು. ಮಗ ಅತ್ತ, ಸೊಸೆ ಅತ್ತಳು. ಇದು ಗಿಡದ ನೀರು ಅಂದೆನೋ, ಉಳಿದೊಂದು ಗಿಡ ಮಾಳಿಗೆಯ ಬಿಸಿಲಿಗೆ. ಹನಿ ಬರುವಷ್ಟು ಹೊತ್ತೂ ಮುಖ ಒಡ್ಡಿ ಕುಳಿತೆ.

ಹೆಂಡತಿ ಚಹಾ ತಂದಳು. ನನ್ನನ್ನು ನೋಡಿದಳು, ಮೇಲೆ ನೋಡಿದಳು, ತುಟಿ ಬಿಗಿಹಿಡಿದು ಒಳಗೆ ಹೋದಳು. ಬಂದವರು ಹೋದ ಮೇಲೆ ನನ್ನ ಬಿಳಿ ಅಂಗಿಯ ಕಾಲರ್ ಹಿಡಿದು ತೋರಿಸಿದಳು: “ಏನ್ರೀ, ಕಣ್ಣೀರಾಗ ಇಷ್ಟು ಮಣ್ಣು ಎಲ್ಲಿಂದ ಬಂತು?”

೪. ಬಕೆಟ್

ಯಾಕೋ ಹೆಂಡತಿ ಗಿಡವನ್ನು ಮಾಳಿಗೆಗೆ ಒಯ್ಯಲಿಲ್ಲ. “ಇದ ಕಡೀ ಸಲಾ” ಅಂದಳು.

ಮಳೆಗಾಲ ಹಿಡಿದ ಮೇಲೆ ಅಕ್ಕನ ಬಾಡಿಗೆ ಮನೆ ಖಾಲಿ ಮಾಡಲು ಬ್ಯಾಡಗಿಗೆ ಹೋದೆ. ಗಿಡ ತೂಗಿದ್ದ ಜಾಗದ ಕೆಳಗೆ ನೆಲದ ಮೇಲೆ ಒಂದು ಕಲೆಯಿಲ್ಲ. ಪಕ್ಕದ ಮನೆಯಾಕೆಯನ್ನು ಕೇಳಿದೆ: “ಅಕ್ಕ ನೀರು ಹೆಂಗ ಹಾಕ್ತಿದ್ಲ್ರಿ?”

“ಹಾಕ್ತಿದ್ದಿಲ್ರಿ, ಕುಡಸ್ತಿದ್ರು. ಗಿಡಾ ಇಳಿಸಿ, ಬಚ್ಚಲದಾಗ ಬಕೀಟಿನ ನೀರಾಗ ಕುಂದ್ರಸೋರು. ಆಮ್ಯಾಲ ಎತ್ತಿಟ್ಟು, ನೀರೆಲ್ಲಾ ಬಸಿಯೋತನಕ ಮಗ್ಗಲದಾಗ ಮಣಿ ಹಾಕ್ಕೊಂಡು ಮಾತಾಡ್ಕೋತ ಕುಂದ್ರೋರು.”

“ಯಾರ ಕೂಡ?”

“ಗಿಡದ ಕೂಡ್ರಿ! ‘ತಮ್ಮಾ, ಲಗೂ ಲಗೂ ಕುಡೀಬ್ಯಾಡೋ. ತಮ್ಮಾ, ಈ ವಾರಾನೂ ಬರಲಿಲ್ಲಲ್ಲೋ ನೀ’ ಅನ್ನೋರು. ಗಿಡಾ ಎಲ್ಲಿಗೆ ಬರ್ತೈತ್ರಿ ಅಂತ ನಾವು ನಗ್ತಿದ್ವಿ.”

ನಾನೂ ನಕ್ಕೆ. ಹಾವೇರಿಯಿಂದ ಬ್ಯಾಡಗಿಗೆ ಬಸ್ಸಿನಲ್ಲಿ ಒಂದು ತಾಸೂ ಬೇಡ.

ಮರುದಿನ ಮುಂಜಾನೆ ಗಿಡ ಇಳಿಸಿದೆ, ಬಕೆಟ್ಟಿನಲ್ಲಿ ಕೂಡಿಸಿದೆ, ಎತ್ತಿಟ್ಟು ಬಸಿಯುವ ತನಕ ಮಣೆಯ ಮೇಲೆ ಕುಳಿತೆ. ಮಾತಾಡಲು ಏನೂ ತೋಚಲಿಲ್ಲ. ತೂಗುಹಾಕಿದೆ, ಒಂದು ಹನಿ ಬಿದ್ದಿದ್ದರೆ ಕೇಳಿ! ಅದರ ಕೆಳಗೇ ಸೋಫಾದಲ್ಲಿ ಕುಳಿತೆ. ಆಗ ಶುರುವಾಯಿತು ನೋಡಿ. ಕನ್ನಡಕ ತೋಯಿತು, ಅಂಗಿ ತೋಯಿತು, ಸೋಫಾದ ಕೈ ತೋಯಿತು.

ಹೆಂಡತಿ ಅರಿವೆ ಹಿಡಿದು ಓಡಿಬಂದು ನೇರ ಮೇಲೆ ನೋಡಿದಳು. ಸ್ಟೂಲು ಹತ್ತಿ ಕುಂಡದ ತಳ ಮುಟ್ಟಿದಳು. “ಬುಡಾ ಒಣಗೇತಿ. ಮತ್ತ ಇದೆಲ್ಲಿಂದ ಸೋರಾಕತ್ತೈತಿ?” ಇಳಿದು ಬಂದು ನನ್ನ ಕೆನ್ನೆಗೆ ಬೆರಳು ಹಚ್ಚಿ, ಬೆಳಕಿಗೆ ಹಿಡಿದು ನೋಡಿದಳು.

“ಮಣ್ಣಿಲ್ಲ” ಅಂದಳು.

ನೆಲ ಒರೆಸುವ ಅರಿವೆಯನ್ನೇ ನನ್ನ ಕೈಗೆ ಕೊಟ್ಟು, ಮಗ್ಗುಲಿಗೆ ಕುಳಿತು, “ಇನ್ನ ಗಿಡಾ ಅಲ್ರಿ, ನಿಮ್ಮನ್ನ ಮಾಳಗಿ ಮ್ಯಾಲ ಇಡ್ಬೇಕು” ಅಂದಳು.

ಅಕ್ಕ ಹೋಗಿ ವರ್ಷ ತುಂಬುವ ತನಕ ನಮ್ಮಲ್ಲಿ ಹಬ್ಬವಿಲ್ಲ, ಹಾಗಾಗಿ ಯಾರೂ ದಿನ ನೋಡಿರಲಿಲ್ಲ. ಮುಖ ಒರೆಸಿಕೊಂಡು ಕ್ಯಾಲೆಂಡರ್ ನೋಡಿದೆ. ಮಂಗಳವಾರ, ನಾಗರ ಪಂಚಮಿ.