ಎಡಮೂಲೆಯ ಅತ್ತೆ

ಹೋದ ವರ್ಷ ಮನೆಮಂದಿಯೆಲ್ಲ ಸೇರಿದಾಗ ತೆಗೆದ ಫೋಟೋದಲ್ಲಿ, ಎಡಮೂಲೆಯಲ್ಲಿ ನಿಂತಿದ್ದ ಅತ್ತೆಯ ಮುಖ ಒದ್ದೆ ಕಾಗದದ ಮೇಲೆ ಒತ್ತಿದ ರಬ್ಬರ್ ಸ್ಟ್ಯಾಂಪಿನಂತೆ ಕಲಸಿಹೋಗಿತ್ತು. "ಅದು ಲೆನ್ಸಿನ ದೋಷ ಅತ್ತೆ, ವೈಡ್ ಆಂಗಲ್‌ನಲ್ಲಿ ಮೂಲೆಗಳು ಮಸುಕಾಗ್ತವೆ," ಎಂದು ಅಂಚೆ ಗುಮಾಸ್ತನಾದ ಅಳಿಯ ಬಾಯಿ ನೋಯುವಷ್ಟು ಹೇಳಿದ. ಅತ್ತೆ ನಂಬಲಿಲ್ಲ. ಬೇಕೆಂದೇ ಅಳಿಸಿದ್ದಾನೆ ಎಂದುಕೊಂಡು ಮಾತು ಬಿಟ್ಟರು. ಏನಿದ್ದರೂ ಮಗಳ ಮೂಲಕ.

ಈ ಭಾನುವಾರ ಮತ್ತೆ ಎಲ್ಲರೂ ಸೇರುವವರಿದ್ದರು. ಅಳಿಯನ ಮೀಡಿಯಂ ಫಾರ್ಮ್ಯಾಟ್ ಎಂಬ ದೊಡ್ಡ ಕ್ಯಾಮೆರಾಕ್ಕೆ ಹಿಂದಿನ ದಿನವಷ್ಟೇ ಹೊಸ ವೈಡ್ ಆಂಗಲ್ ಲೆನ್ಸ್ ಬಂದಿತ್ತು. ಬೆಳಿಗ್ಗೆ ಆರಕ್ಕೇ ಎದ್ದು, ಗೋಡೆಯ ತುಂಬ ಹಳೇ ಪತ್ರಿಕೆ ಅಂಟಿಸಿ, ಫೋಟೋ ತೆಗೆದು ನೋಡಿದ. ನಾಲ್ಕೂ ಮೂಲೆಯ ಅಕ್ಷರಗಳು ಸೂಜಿಯಲ್ಲಿ ಕೊರೆದ ಹಾಗಿದ್ದವು!

"ಏಳೇ, ಮೂಲೇಲಿರೋ ಅಲ್ಪವಿರಾಮ ನೋಡು ಬಾ!" ಎಂದು ಹೆಂಡತಿಯನ್ನು ಎಬ್ಬಿಸಿ ಕುಣಿದಾಡಿದ.

ಹತ್ತು ಗಂಟೆಗೆ ಇಪ್ಪತ್ತೆರಡು ಜನ ಪುಟ್ಟ ಹಜಾರದಲ್ಲಿ ಒತ್ತರಿಸಿಕೊಂಡರು.

"ಅತ್ತೆ, ನೀವು ಮಧ್ಯಕ್ಕೆ ಬನ್ನಿ."

"ನಿನ್ನ ಗಂಡನಿಗೆ ಹೇಳು," ಎಂದರು ಅತ್ತೆ ಮಗಳಿಗೆ, "ಹೋದ ಸಲ ನಿಂತಲ್ಲೇ ನಿಲ್ತೀನಿ. ಹೊಸ ಲೆನ್ಸಿನ ಪ್ರತಾಪ ನೋಡೇಬಿಡೋಣ."

ಬಲಮೂಲೆಗೆ, ಬಟ್ಟೆ ಒಣಹಾಕುವ ಗಳದಂಥ ಮಾವ ಹೋಗಿ ನಿಂತರು.

"ಇನ್ನೊಂದು ಹೆಜ್ಜೆ ಹಿಂದೆ ಹೋಗ್ರೀ!" ಪಕ್ಕದ ಮನೆಯ ಡ್ರಾಯಿಂಗ್ ಮೇಷ್ಟ್ರು ಕಿಟಕಿಯಿಂದಲೇ ಅಪ್ಪಣೆ ಕೊಡತೊಡಗಿದರು. "ಇನ್ನೊಂದು! ಇನ್ನೊಂದೇ ಒಂದು!"

ಅಳಿಯ ಹಿಂದೆ ಹಿಂದೆ ಸರಿದು ಬಚ್ಚಲಮನೆಯ ತುಂಬಿದ ಬಕೆಟ್ಟಿನಲ್ಲಿ ಕುಳಿತೇಬಿಟ್ಟ. ಕ್ಯಾಮೆರಾ ಮಾತ್ರ ಮಗುವಿನಂತೆ ತಲೆಯ ಮೇಲೆತ್ತಿ ಹಿಡಿದಿದ್ದ. ಒದ್ದೆ ಪ್ಯಾಂಟಿನಲ್ಲೇ ಎದ್ದು ಬಂದು, ಟ್ರೈಪಾಡ್ ನೆಟ್ಟು, "ಒಂದು ಸೆಕೆಂಡ್ ಯಾರೂ ಉಸಿರಾಡಬೇಡಿ!" ಎಂದು ಗುಂಡಿ ಒತ್ತಿದ.

ಸಂಜೆ ಪ್ರಿಂಟ್ ಬಂತು.

"ಅಜ್ಜಿ ರೆಪ್ಪೆ ಕೂದಲೂ ಎಣಿಸಬಹುದು!" ಮೊಮ್ಮಕ್ಕಳು ಚಪ್ಪಾಳೆ ತಟ್ಟಿದರು.

ಅತ್ತೆ ಕನ್ನಡಕ ಏರಿಸಿದರು. ರೆಪ್ಪೆ ಸರಿಯಾಗಿತ್ತು, ಸೆರಗಿನ ನೂಲೆಳೆಯೂ ಸರಿಯಾಗಿತ್ತು. ಆದರೆ ಅಷ್ಟಗಲ ನೋಡುವ ಲೆನ್ಸು ಅಂಚಿನಲ್ಲಿ ನಿಂತವರನ್ನು ಅಡ್ಡಡ್ಡ ಹಿಗ್ಗಿಸುತ್ತದೆ ಎಂಬುದನ್ನು ಅಳಿಯ ಸಂಭ್ರಮದಲ್ಲಿ ಮರೆತೇಬಿಟ್ಟಿದ್ದ. ಫೋಟೋದಲ್ಲಿ ಅತ್ತೆ ಇಬ್ಬರಷ್ಟಿದ್ದರು.

"ನಿನ್ನ ಗಂಡನಿಗೆ ಹೇಳು," ಅತ್ತೆ ಫೋಟೋವನ್ನು ಮೇಜಿನ ಮೇಲೆ ಕುಕ್ಕಿದರು, "ಹೋದ ಸಲ ಅದು ನಾನು ಅಂತಾದ್ರೂ ಯಾರಿಗೂ ಗೊತ್ತಾಗ್ತಿರಲಿಲ್ಲ!"

ಹರಿದುಹಾಕಿಬಿಡೋಣವೆಂದು ಅಳಿಯ ಮೇಜಿನತ್ತ ಕೈಚಾಚಿದ. ಫೋಟೋ ಇರಲಿಲ್ಲ. ಮಾವನೂ ಇರಲಿಲ್ಲ.

"ಹುಟ್ಟಿದಾಗಿನಿಂದ ಮೊದಲ ಸಲ ನನಗೆ ಮೈ ಬಂದಿದೆ, ನೋಡ್ರಪ್ಪಾ!" ಬೀದಿಯಿಂದ ಮಾವನ ಕೂಗು ಕೇಳಿಸಿತು.

ಅಳಿಯ ಬರಿಗಾಲಲ್ಲೇ ಓಡಿದ. ಮೇಷ್ಟ್ರ ಜಗಲಿಯಲ್ಲಿ ಹತ್ತು ಜನ ಸೇರಿದ್ದರು. ನಡುವೆ ಫೋಟೋ ಎತ್ತಿ ಹಿಡಿದು ಮಾವ ಹಿಗ್ಗಿ ನಿಂತಿದ್ದರು.

"ಭೇಷ್ ಕಣ್ರೀ!" ಮೇಷ್ಟ್ರು ಗಟ್ಟಿಯಾಗಿ ಕೂಗಿದರು. "ಫೋಟೋ ಅಂದ್ರೆ ಇದು! ನಿಮ್ಮತ್ತೇನ ಬೀದಿಯ ಆ ಕೊನೆಯಿಂದಲೂ ಗುರುತು ಹಿಡೀಬಹುದು!"

ಅಳಿಯ ಮೆಲ್ಲನೆ ಹಿಂತಿರುಗಿ ನೋಡಿದ. ಬಾಗಿಲ ತುಂಬ ಅತ್ತೆ ನಿಂತಿದ್ದರು.