ಗೊರಕೆ ಹಾಡನ್ನು ಮತ್ತೆ ಹಾಡಬೇಕೆಂದು ಕೋರಿ

ಇಂದ,
ಹಾಡಿನಲ್ಲಿ ಬರುವ ಗಂಡ (ಹಿರಿಯ ಗುಮಾಸ್ತ),
ಮಹಡಿ ಕೋಣೆ.

ಗೆ,
ಬ್ಯಾಂಡಿನ ಡ್ರಮ್ಮರ್ ಹಾಗೂ ಅರ್ಜಿದಾರನ ಹೆಂಡತಿಯವರು,
ಕೆಳಗಿನ ಮಲಗುವ ಕೋಣೆ.

ವಿಷಯ: ರದ್ದಾದ ‘ಗೊರ್ ಗೊರ್ ಗಂಡ’ ರಾಕ್ ಹಾಡಿನ ಮರುಜಾರಿ ಮತ್ತು ಅರ್ಜಿದಾರನ ವರ್ಗಾವಣೆ.

ಉಲ್ಲೇಖ: ಭಾನುವಾರ ಅಡುಗೆಮನೆಯಲ್ಲಿ ನಡೆದ ಜಗಳ.

ಮಾನ್ಯರೇ,

ತಮ್ಮ ಗಂಡನಾದ ನಾನು ತಲೆ ತಗ್ಗಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಸದರಿ ಹಾಡು ಜೋಗುಳದಂತೆ ಮೆಲ್ಲಗೆ ಶುರುವಾಗುತ್ತದೆ. ಕೇಳುವವರು ಪಾಪ, ಕಣ್ಣು ಮುಚ್ಚುವಷ್ಟರಲ್ಲಿ ನನ್ನ ಭಾವಮೈದನ ಎಲೆಕ್ಟ್ರಿಕ್ ಗಿಟಾರು ಥೇಟ್ ನನ್ನ ಗೊರಕೆಯಂತೆ ಅಬ್ಬರಿಸುತ್ತದೆ. ತಾವು ನನ್ನ ಮೇಲಿನ ಸಿಟ್ಟನ್ನೆಲ್ಲ ಡ್ರಮ್ಮಿನ ಮೇಲೆ ತೀರಿಸಿಕೊಳ್ಳುತ್ತೀರಿ. ನಡುವೆ ಎಲ್ಲ ವಾದ್ಯವೂ ಗಪ್ಪನೆ ನಿಲ್ಲುತ್ತದೆ, ತಾವು ಕೋಲು ಮೇಲೆತ್ತಿ ಸುಮ್ಮನೆ ಕೂರುತ್ತೀರಿ. ಜನ ಬಿದ್ದು ಬಿದ್ದು ನಗುವುದು ಅಲ್ಲೇ.

೨. ನನ್ನ ಕಚೇರಿಯ ವಾರ್ಷಿಕ ಸಮಾರಂಭದಲ್ಲೇ ಇದನ್ನು ಹಾಡಿದ ಕಾರಣ ನನ್ನ ಮಾನ ಮೂರಾಬಟ್ಟೆಯಾಯಿತು. ಮೇಲಧಿಕಾರಿಗಳು ಈಗಲೂ ಕಡತಕ್ಕೆ ಸಹಿ ಹಾಕುತ್ತ "ಗೊರ್" ಎನ್ನುತ್ತಾರೆ. ಆದ್ದರಿಂದ ನಾನು ಹಾರಾಡಿ, ಕೂಗಾಡಿ, ಮಹಡಿಗೆ ಸ್ವಯಂ ವರ್ಗಾವಣೆ ಪಡೆದೆ. ತಾವು ಹಾಡನ್ನು ಕೈಬಿಟ್ಟಿರಿ. ಗೆದ್ದೆನೆಂದು ಬೀಗಿದೆ.

೩. ಅಷ್ಟಕ್ಕೇ ಬಿಡದೆ ಭಾನುವಾರ, "ನಡುವೆ ಸುಮ್ನೆ ಕೂತ್ಬಿಡ್ತಿದ್ಯಲ್ಲ, ತಾಳ ಮರೆತುಹೋಗ್ತಿತ್ತಾ?" ಎಂದು ಗಾಯಕ್ಕೆ ಉಪ್ಪು ಸವರಿದೆ. ತಾವು ಪಾತ್ರೆ ತೊಳೆಯುತ್ತ, ತಿರುಗಿಯೂ ನೋಡದೆ ಹೇಳಿದಿರಿ:

"ಮರೆತಿಲ್ಲ ಕಣ್ರೀ. ಗೊರಕೆ ಮಧ್ಯೆ ನಿಮ್ಮ ಉಸಿರು ಅಷ್ಟು ಹೊತ್ತು ನಿಂತೋಗತ್ತೆ. ತಟ್ಟಿ ಎಬ್ಬಿಸೋಣ ಅಂತ ಕೈ ಎತ್ಕೊಂಡು ಕೂತಿರ್ತೀನಿ. ಮತ್ತೆ ಶುರುವಾದ್ಮೇಲೇ ನಂಗೆ ನಿದ್ದೆ."

೪. ನನಗೆ ಗೊತ್ತಿರಲಿಲ್ಲ ಕಣೇ. ಅಯ್ಯೋ, ಊರೆಲ್ಲ ನಕ್ಕಿತು, ನೀನೊಬ್ಬಳೇ ಹೆದರಿಕೊಂಡು ಕೂತಿದ್ದೆ. (ಕಚೇರಿ ಭಾಷೆ ತಪ್ಪಿದ್ದಕ್ಕೆ ಮನ್ನಿಸಬೇಕು.)

ಕಾರಣ, ಸದರಿ ಹಾಡನ್ನು ಯಾವುದೇ ಕಡಿತವಿಲ್ಲದೆ ಮತ್ತೆ ಹಾಡಬೇಕಾಗಿಯೂ, ಅರ್ಜಿದಾರನನ್ನು ಕೆಳಗಿನ ಕೋಣೆಗೆ ಸೇರಿಸಿಕೊಳ್ಳಬೇಕಾಗಿಯೂ ಕೋರುತ್ತೇನೆ.

ತಮ್ಮ ವಿಶ್ವಾಸಿ ಹಾಗೂ ಗೊರಕೆದಾರ,
(ಸಹಿ)

ಲಗತ್ತುಗಳು:
೧. ವೈದ್ಯರ ಬಳಿ ಉಸಿರಿನ ತಪಾಸಣೆಗೆ ಪಡೆದ ಚೀಟಿ.
೨. ಭಾವಮೈದನ ಶಿಫಾರಸು: "ಅಕ್ಕಾ, ಭಾವನ್ನ ಕೆಳಗೆ ಕರ್ಕೊಳೇ. ನಂಗೆ ಪ್ರಾಕ್ಟೀಸಿಗೆ ಗೊರಕೆ ಸಿಗ್ತಿಲ್ಲ."

ವಿ.ಸೂ.: ಮಹಡಿ ಕೋಣೆಯಲ್ಲಿ ಅರ್ಜಿದಾರನ ಉಸಿರು ನಿಂತಲ್ಲಿ ಕೈ ಎತ್ತಿ ಕೂರಲು ಯಾವ ಸಿಬ್ಬಂದಿಯನ್ನೂ ನೇಮಿಸಿರುವುದಿಲ್ಲ. ಆದ್ದರಿಂದ ಈ ಅರ್ಜಿಯನ್ನು ತಾವು ಮಲಗುವ ಮುನ್ನವೇ ಇತ್ಯರ್ಥಪಡಿಸಬೇಕಾಗಿ ವಿನಂತಿ.